ಓಡಿಸುವವರ ತೂಕ

ವರ್ಕ್‌ಶಾಪ್ ನಡೆಸುವ ಮೇಸ್ತ್ರಮ್ಮ ಗಾಡಿಯ ಹಿಂದಿನ ಬಂಪರಿನ ಮೇಲೆ ಮೊಣಕಾಲೂರಿ, ಮೈಭಾರವನ್ನೆಲ್ಲ ಹಾಕಿ ಒಮ್ಮೆ ಒತ್ತಿ, ಥಟ್ಟನೆ ಹಿಂದೆ ಸರಿದರು. ಗಾಡಿ ಎದ್ದಿತು, ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿದು ಸಣ್ಣಗೆ ನಡುಗಿ ನಿಂತಿತು.

"ಎರಡೂವರೆ," ಅಂದರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ ತಕ್ಕಡಿ ಸಾಹೇಬರು.

ಮೇಸ್ತ್ರಮ್ಮ ಕೈ ಒರೆಸಿಕೊಳ್ಳುತ್ತ ಅವರನ್ನು ನೋಡಿದರು. ಒತ್ತಿ ಬಿಟ್ಟ ಗಾಡಿ ಒಂದೇ ಸಲ ಎದ್ದು ಸುಮ್ಮನಾಗಬೇಕು. ಅದಕ್ಕಿಂತ ಹೆಚ್ಚು ಕುಣಿದರೆ ಶಾಕ್ ಅಬ್ಸಾರ್ಬರುಗಳ ಕಥೆ ಮುಗಿದಿದೆ ಎಂದರ್ಥ. ಇಷ್ಟು ತಿಳಿದ ಗಿರಾಕಿಗಳು ದಿನಾ ಬರುತ್ತಾರೆ. ಆದರೆ ಕುಣಿತದಲ್ಲಿ ಅರ್ಧವನ್ನೂ ಬಿಡದೆ ಎಣಿಸಿದ ಗಿರಾಕಿ ಇವರೊಬ್ಬರೇ.

ಅರ್ಧ ಬಿಡುವುದು ಸಾಹೇಬರ ಜಾಯಮಾನವೇ ಅಲ್ಲ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಅಳತೆಗೋಲುಗಳನ್ನು ಪರೀಕ್ಷಿಸುವ ಇಲಾಖೆಯಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತರಾದವರು ಅವರು. ಮಾರುಕಟ್ಟೆಯವರು ಇಟ್ಟ ಹೆಸರು ನಿವೃತ್ತಿಯಾದ ಮೇಲೂ ಅವರನ್ನು ಬಿಟ್ಟು ಹೋಗಿರಲಿಲ್ಲ. ಮನೆಯಲ್ಲಿ ಚಹಾದ ಎಲೆ ಕೂಡ ತೂಕವಾಗಿಯೇ ಕೆಟಲಿಗೆ ಬೀಳಬೇಕು. ಈ ನಾಲ್ಕು ತಿಂಗಳಿನಿಂದಂತೂ ಅವರ ತಲೆಯೊಳಗೆ ಶಾಕ್ ಅಬ್ಸಾರ್ಬರ್ ಬಿಟ್ಟು ಬೇರೇನೂ ಹೊಕ್ಕಿರಲಿಲ್ಲ. ಗಾಡಿಯ ಭಾರ ಹೊರುವುದು ಸ್ಪ್ರಿಂಗು; ಆ ಸ್ಪ್ರಿಂಗಿನ ಕುಣಿತವನ್ನು ಹದ್ದುಬಸ್ತಿನಲ್ಲಿಡುವುದಷ್ಟೇ ಶಾಕಿನ ಕೆಲಸ ಎಂದು ತಿಳಿದ ದಿನ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಊಟಕ್ಕೆ ಕೂತ ಹೆಂಡತಿಗೆ ಲೋಟ, ಚಮಚ, ರಬ್ಬರ್ ಬ್ಯಾಂಡು ಇಟ್ಟುಕೊಂಡು ಅದನ್ನು ವಿವರಿಸಿದ್ದರು. ಒಳಗೆ ಎಣ್ಣೆ ಇರುತ್ತದೆ, ಅದು ಸಣ್ಣ ತೂತುಗಳಲ್ಲಿ ನುಸುಳಿ ಹೋಗಲು ಒದ್ದಾಡುತ್ತದೆ, ಆ ಒದ್ದಾಟವೇ ನಮ್ಮ ನೆಮ್ಮದಿ ಎಂದು ಅವರು ಹೇಳಿದಾಗ ಹೆಂಡತಿ, "ಒಳ್ಳೇ ಸಂಸಾರದ ಕಥೆ ಇದ್ದಂಗಿದೆ," ಎಂದು ತಟ್ಟೆ ಎತ್ತಿಕೊಂಡು ಹೋಗಿದ್ದರು.

ಹೆಂಡತಿ ಈಗ ವರ್ಕ್‌ಶಾಪಿನ ತಗಡಿನ ನೆರಳಲ್ಲಿ, ಬೆನ್ನಿಗೊಂದು ದಿಂಬು ಕೊಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಬಹಳ ವರ್ಷ ನರ್ಸಾಗಿದ್ದವರು, ಬೀದಿಯವರಿಗೆಲ್ಲ ನರ್ಸಮ್ಮ. ಹೋದ ವರ್ಷದ ಪ್ರವಾಸ ಮುಗಿಸಿ ಬಂದ ದಿನ ಗಾಡಿಯಿಂದ ಇಳಿಯಲಾರದೆ ಅವರ ಸೊಂಟ ಹಿಡಿದುಕೊಂಡಿತ್ತು. ಮೂರು ತಿಂಗಳು ಹಲಗೆಯ ಮೇಲೆ ಮಲಗಿದರು. ಪ್ರಯಾಣ ಮಾಡಬಹುದು, ಕುಲುಕಾಟ ಮಾತ್ರ ಕೂಡದು ಎಂದು ಡಾಕ್ಟರು ಹೇಳಿದ್ದರು. ಇನ್ನು ಐದು ವಾರಕ್ಕೆ ಇಪ್ಪತ್ತೆರಡು ದಿನಗಳ ಪ್ರವಾಸ, ಉಪ್ಪಿನ ಸರೋವರದವರೆಗೆ. ಅದರಲ್ಲಿ ಮುನ್ನೂರು ಕಿಲೋಮೀಟರು ಜಲ್ಲಿಯ ದಾರಿ. ಸಾಹೇಬರು ನಕ್ಷೆ ಹರಡಿದಾಗ ನರ್ಸಮ್ಮ ಕೋಪವಿಲ್ಲದೆ, ಬೇಸರವೂ ಇಲ್ಲದೆ ಹೇಳಿದ್ದು ಒಂದೇ ಮಾತು: "ನೀವು ಹೋಗಿ ಬನ್ನಿ. ನಾನು ಮನೇಲಿರ್ತೀನಿ."

ಆ ಮಾತು ಕೇಳಿ ಸಾಹೇಬರ ಜೀವ ಹಿಡಿಯಷ್ಟಾಗಿತ್ತು. ಹೆಂಡತಿಯಿಲ್ಲದೆ ಸರೋವರ ನೋಡಿ ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮೊದಲಿನಿಂದಲೂ ಇರದ ಕಾರಣ, ಅವರು ಶಾಕ್ ಅಬ್ಸಾರ್ಬರಿನ ಕ್ಯಾಟಲಾಗು ತರಿಸಿದರು. ಸರಿಯಾದ ಶಾಕ್ ಸಿಕ್ಕರೆ ಕುಲುಕಾಟ ನಿಲ್ಲುತ್ತದೆ, ಕುಲುಕಾಟ ನಿಂತರೆ ಅವಳು ಬರುತ್ತಾಳೆ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಬರೀ ನೋಡೋಕೆ ಬಾ ಎಂದು ಹತ್ತು ಸಲ ಕರೆದು ಇವತ್ತು ಅವರನ್ನು ಇಲ್ಲಿಯವರೆಗೂ ತಂದಿದ್ದರು.

ಮೇಜಿನ ಮೇಲೆ ಮೇಸ್ತ್ರಮ್ಮ ಎರಡು ಥರದ ಶಾಕ್ ಇಟ್ಟರು. ಒಂದು ಸಾಹೇಬರು ಮನಸೋತಿದ್ದದ್ದು: ದಪ್ಪನೆಯ ಒಂಟಿ ಕೊಳವೆ, ಎಣ್ಣೆಗೆ ಬೇರೆಯದೇ ಡಬ್ಬಿ, ಬಿಗಿ ಹೆಚ್ಚುಕಡಿಮೆ ಮಾಡಲು ಎಂಟು ಮೆಟ್ಟಿಲಿನ ತಿರುಪು. ಇನ್ನೊಂದು ಕೊಳವೆಯೊಳಗೆ ಕೊಳವೆಯಿದ್ದು, ನೋಡಲು ಸಪ್ಪಗಿತ್ತು. ಸಾಹೇಬರು ಮೊದಲನೆಯದರ ತಿರುಪನ್ನು ಕಿವಿಯ ಹತ್ತಿರ ಹಿಡಿದು ಟಿಕ್ ಟಿಕ್ ಎಂದು ಎಂಟು ಸಲ ತಿರುಗಿಸಿ ಕೇಳಿದರು. ಮೂರನೆಯ ಮೆಟ್ಟಿಲಿಗೂ ನಾಲ್ಕನೆಯದಕ್ಕೂ ಸದ್ದಿನಲ್ಲೇನಾದರೂ ವ್ಯತ್ಯಾಸ ಇದೆಯೇ ಎಂದು ಅವರು ಮತ್ತೆ ಶುರುಮಾಡುವಷ್ಟರಲ್ಲಿ, ಏನೇನು ಸಾಮಾನು ಹೇರುತ್ತೀರಿ ಎಂದು ಮೇಸ್ತ್ರಮ್ಮ ಕೇಳಿದರು.

ಇದಕ್ಕೇ ಕಾಯುತ್ತಿದ್ದವರಂತೆ ಸಾಹೇಬರು ಪುಸ್ತಕ ತೆಗೆದುಕೊಟ್ಟರು. ನೀರಿನ ಕ್ಯಾನು ಎರಡು, ನಲವತ್ತೊಂದು ಕಿಲೋ. ಡೇರೆ, ಹನ್ನೊಂದು ಕಿಲೋ ಮುನ್ನೂರು ಗ್ರಾಂ. ಹೆಚ್ಚುವರಿ ಚಕ್ರ, ಒಲೆ, ಹಗ್ಗ, ಸಲಿಕೆ, ಮಡಚುವ ಕುರ್ಚಿ ಎರಡು. ಮೇಸ್ತ್ರಮ್ಮ ಬೆರಳಿಟ್ಟುಕೊಂಡು ಕೊನೆಯವರೆಗೂ ಓದಿದರು. ಕೊನೆಯಲ್ಲಿ 'ಜನ' ಎಂದು ಬರೆದು ಮುಂದೆ ಎಪ್ಪತ್ತೆಂಟು ಎಂದಿತ್ತು.

"ಕುರ್ಚಿ ಎರಡು, ಜನ ಒಬ್ರೇನಾ?"

ಸಾಹೇಬರು ತಡವರಿಸಿದರು. ಲಾರಿ ತೂಗುವ ಕಟ್ಟೆಗೆ ಗಾಡಿ ಹತ್ತಿಸುವಾಗ ಓಡಿಸುವವರೊಬ್ಬರನ್ನು ಬಿಟ್ಟು ಉಳಿದ ಜನ ಇಳಿದು ಪಕ್ಕಕ್ಕೆ ನಿಲ್ಲುವುದು ನಿಯಮ; ಆ ಅಭ್ಯಾಸಬಲದಲ್ಲಿ ಹಾಗೆ ಬರೆದೆ ಎಂದರು. ಅದು ಅರ್ಧ ನಿಜ. ಹೆಂಡತಿ ಒಪ್ಪದೆ ಅವರ ತೂಕ ಬರೆಯಲು ಧೈರ್ಯ ಬಂದಿರಲಿಲ್ಲ ಎಂಬುದು ಇನ್ನರ್ಧ. ಬೆಂಚಿನ ಮೇಲೆ ನರ್ಸಮ್ಮ ಕೈಯಲ್ಲಿದ್ದ ಹಳೆಯ ಪತ್ರಿಕೆಯಿಂದ ಕಣ್ಣೆತ್ತಲಿಲ್ಲ, ಹಾಳೆಯನ್ನೂ ತಿರುಗಿಸಲಿಲ್ಲ.

ಮೇಸ್ತ್ರಮ್ಮನದೊಂದು ಪದ್ಧತಿಯಿತ್ತು. ಪ್ರವಾಸದ ಗಾಡಿಗೆ ಶಾಕ್ ಕೊಡುವ ಮೊದಲು, ವರ್ಕ್‌ಶಾಪಿನ ಹಿಂದಿನ ಹಳೆ ಕಲ್ಲುಕ್ವಾರಿಯ ದಾರಿಯಲ್ಲಿ ಮಾಲೀಕರು ಒಂದು ಸುತ್ತು ಹೋಗಿ ಬರಬೇಕು, ಆದರೆ ಓಡಿಸುವ ಸೀಟಿನಲ್ಲಿ ಅಲ್ಲ. ಯಾವಾಗಲೂ ಪಕ್ಕದಲ್ಲಿ ಕೂರುವವರು ಓಡಿಸಬೇಕು, ಓಡಿಸುವವರು ಪಕ್ಕದಲ್ಲಿ ಕೂರಬೇಕು. ಎಷ್ಟೋ ಗಂಡಸರು ಇದಕ್ಕೆ ಮುಖ ಗಂಟಿಕ್ಕಿಕೊಂಡು ಬೇರೆ ಅಂಗಡಿಗೆ ಹೋಗಿದ್ದೂ ಉಂಟಂತೆ. "ಓಡ್ಸೋರನ್ನ ಕೇಳಿ ನಾನು ಶಾಕ್ ಆರಿಸಲ್ಲ ಸಾರ್. ಅವರಿಗೆ ಯಾವುದು ಹಾಕಿದ್ರೂ ಚೆನ್ನಾಗೇ ಇರತ್ತೆ," ಅಂದರು.

ಸಾಹೇಬರಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಇಂಥದ್ದೊಂದು ಪರೀಕ್ಷೆ ಯಾವ ಕ್ಯಾಟಲಾಗಿನಲ್ಲೂ ಇರಲಿಲ್ಲವಲ್ಲ. ನರ್ಸಮ್ಮ ಒಂದು ಗಳಿಗೆ ಗಾಡಿಯನ್ನು ನೋಡಿದರು. ಆಸ್ಪತ್ರೆಗೆ ಇಪ್ಪತ್ತು ವರ್ಷ ತಮ್ಮ ಪುಟ್ಟ ಕಾರನ್ನು ತಾವೇ ಓಡಿಸಿಕೊಂಡು ಹೋಗಿ ಬಂದವರು ಅವರು. ಈ ಗಾಡಿಯನ್ನು ಮಾತ್ರ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಮುಟ್ಟು ಎಂದು ಯಾರೂ ಹೇಳಿರಲಿಲ್ಲ. ದಿಂಬನ್ನು ತೆಗೆದುಕೊಂಡು ಹೋಗಿ ಸ್ಟಿಯರಿಂಗಿನ ಮುಂದೆ ಕೂತು, ಸೀಟನ್ನು ಮುಂದೆ ಎಳೆದು, ಕನ್ನಡಿ ಸರಿಮಾಡಿಕೊಂಡರು.

ಕ್ವಾರಿಯ ದಾರಿ ಶುರುವಾದಾಗ ಸಾಹೇಬರು ತೊಡೆಯ ಮೇಲೆ ಪುಸ್ತಕ ತೆರೆದು ಪೆನ್ಸಿಲ್ ಹಿಡಿದಿದ್ದರು. ಮೊದಲ ಗುಂಡಿಗೆ ಪೆನ್ಸಿಲ್ ಹಾಳೆ ಹರಿದುಕೊಂಡು ಹೋಯಿತು. ಎರಡನೆಯದಕ್ಕೆ ಹಲ್ಲಿಗೆ ಹಲ್ಲು ಬಡಿಯಿತು. ಬೆನ್ನುಮೂಳೆಯ ಬುಡದಿಂದ ಎದ್ದ ಏಟು ಕುತ್ತಿಗೆಯವರೆಗೆ ಹೋಗಿ ಬಂತು. ಏನನ್ನಾದರೂ ಹಿಡಿದುಕೊಳ್ಳೋಣವೆಂದು ಕೈ ಮುಂದೆ ಚಾಚಿದರೆ ಅಲ್ಲಿ ಮೀಟರು. ಗಾಡಿ ಎಷ್ಟು ಡಿಗ್ರಿ ವಾಲಿದೆಯೆಂದು ತೋರಿಸುವ ಮೀಟರು. ಆರು ವರ್ಷದ ಹಿಂದೆ ಬಲು ಪ್ರೀತಿಯಿಂದ ತಾವೇ ಕೂರಿಸಿದ್ದು. ಅಲ್ಲಿದ್ದ ಕೈಹಿಡಿಯನ್ನು ಅದಕ್ಕಾಗಿಯೇ ಬಿಚ್ಚಿ ಹಾಕಿದ್ದರು.

ಹೆಂಡತಿ ಜೋರಾಗಿಯೇನೂ ಓಡಿಸುತ್ತಿರಲಿಲ್ಲ. ತಾವು ಓಡಿಸುವುದಕ್ಕಿಂತ ನಿಧಾನವೇ. ಸಾಹೇಬರು ಅವರನ್ನೇ ಗಮನಿಸತೊಡಗಿದರು. ಗುಂಡಿ ಬರುವ ಮೊದಲೇ ನರ್ಸಮ್ಮನ ಕೈ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು, ಹೊಟ್ಟೆ ಬಿಗಿಯಾಗುತ್ತಿತ್ತು, ಸೊಂಟ ಸೀಟಿನಿಂದ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕಣ್ಣು ಕಂಡದ್ದಕ್ಕೆ ಮೈ ತಾನಾಗಿಯೇ ಸಿದ್ಧವಾಗುತ್ತಿತ್ತು. ಇಷ್ಟು ವರ್ಷ ತಮ್ಮ ಮೈಯೂ ಹೀಗೇ ಮಾಡುತ್ತಿದ್ದಿರಬೇಕು. ಅದನ್ನೇ ತಾವು ಗಾಡಿಯ ಗುಣವೆಂದು ತಿಳಿದಿದ್ದರು. ಪಕ್ಕದಲ್ಲಿ ನಕ್ಷೆಯ ಮೇಲೆ ಕಣ್ಣಿಟ್ಟು, ತೊಡೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡು ಕೂತವಳಿಗೆ ಗುಂಡಿ ಕಾಣುವುದೆಲ್ಲಿಂದ? ನಿನ್ನ ಬೆನ್ನೇ ಸ್ವಲ್ಪ ನಾಜೂಕು ಎಂದು ಅವರು ಎಷ್ಟೋ ಸಲ ಅಂದಿದ್ದರು. ಅದು ನೆನಪಾಗಿ ಸಾಹೇಬರಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

ಕ್ವಾರಿಯ ತುದಿಯಲ್ಲಿ ಗಾಡಿ ತಿರುಗಿಸುವಾಗ ಅವರು, "ಕೈಹಿಡಿ ಇಲ್ಲ ಅಂತ ಹೇಳ್ಬಾರ್ದಿತ್ತಾ?" ಎಂದು ಕೇಳಿದರು.

"ಹೇಳಿದ್ದೆ. ನೀವು ಮೀಟರ್ ನೋಡ್ತಾ ಇದ್ರಿ."

ಸಾಹೇಬರು ಪುಸ್ತಕ ಮುಚ್ಚಿ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಸ್ವಲ್ಪ ದೂರ ಬಂದ ಮೇಲೆ, ನಾಲ್ಕು ತಿಂಗಳಿನಿಂದ ಅಷ್ಟೆಲ್ಲ ಓದಿದರೂ ತಲೆಗೆ ಹೊಳೆಯದಿದ್ದ ಒಂದು ಪ್ರಶ್ನೆ ಹೊಳೆಯಿತು. ಗಾಡಿಯಲ್ಲಿ ನಿಜವಾಗಿ ನೋವಾಗುವುದು ಯಾವುದರಿಂದ, ದೊಡ್ಡ ಗುಂಡಿಯಿಂದಲೋ, ಸಣ್ಣ ಕುಲುಕಾಟದಿಂದಲೋ ಎಂದು ಕೇಳಿದರು. ಪೆನ್ಸಿಲ್ ಜೇಬಿನಲ್ಲೇ ಇತ್ತು. ಸುಮ್ಮನೆ ತಿಳಿದುಕೊಳ್ಳಬೇಕೆನಿಸಿತ್ತು.

ನರ್ಸಮ್ಮ ಗಾಡಿಯ ವೇಗ ಇನ್ನಷ್ಟು ತಗ್ಗಿಸಿದರು. ರೋಗಿಗಳನ್ನು ದಿನಾ ಎಷ್ಟೋ ಸಲ ಕೇಳಿದ್ದ ಪ್ರಶ್ನೆ, ತಮ್ಮ ಕಡೆ ತಿರುಗಿದ್ದು ಅಪರೂಪ. "ದೊಡ್ಡದು ಬರತ್ತೆ, ಹೋಗತ್ತೆ," ಅಂದರು. "ದಿನವಿಡೀ ಗರಗರ ಅಂತಿರತ್ತಲ್ಲ, ಅದು. ಸಂಜೆ ಇಳಿದ ಮೇಲೂ ಮೈಯೊಳಗೆ ಗಾಡಿ ಓಡ್ತಾನೇ ಇರತ್ತೆ."

ವರ್ಕ್‌ಶಾಪಿನ ಮುಂದೆ ಗಾಡಿ ನಿಂತಾಗ ಸಾಹೇಬರು ಇಳಿದು, ಈ ಮಾತನ್ನು ಒಂದಕ್ಷರ ಬಿಡದೆ ಮೇಸ್ತ್ರಮ್ಮನಿಗೆ ಒಪ್ಪಿಸಿದರು. ಮೇಸ್ತ್ರಮ್ಮ ಎಂಟು ಮೆಟ್ಟಿಲಿನ ಶಾಕನ್ನು ಎತ್ತಿ ಪೆಟ್ಟಿಗೆಗೆ ಹಾಕಿದರು. ಅದು ದೊಡ್ಡ ಏಟಿಗೆ, ಜೋರಾಗಿ ಓಡಿಸುವವರಿಗೆ; ಒಂಟಿ ಕೊಳವೆಗೆ ಒಂದು ಕಲ್ಲು ಬಡಿದು ನೆಗ್ಗಿದರೂ ಅದು ಕೆಟ್ಟಿತು. ಈ ಸಪ್ಪಗಿರುವುದಾದರೆ ಸಣ್ಣ ಅಲುಗಾಟಕ್ಕೆ ಮೆತ್ತಗೆ ಬಗ್ಗುತ್ತದೆ, ಹೊರಕೊಳವೆ ನೆಗ್ಗಿದರೂ ಒಳಗಿನದು ಕೆಲಸ ಮಾಡುತ್ತದೆ, ಒಳಗೆ ಗ್ಯಾಸ್ ತುಂಬಿರುವುದರಿಂದ ದಿನವಿಡೀ ಕಾದರೂ ಎಣ್ಣೆ ನೊರೆಯೇಳುವುದಿಲ್ಲ ಎಂದರು. ಇಷ್ಟು ಹೇಳಿ, ಕಂಪನಿಗೆ ಕಳಿಸುವ ಚೀಟಿ ತೆಗೆದುಕೊಂಡರು. ಬಿಗಿ ಎಷ್ಟಿರಬೇಕೆಂದು ಕಂಪನಿಯವರು ಅದನ್ನು ನೋಡಿಯೇ ಹೊಂದಿಸಿ ಕಳಿಸುತ್ತಾರಂತೆ.

"ಓಡ್ಸೋರ ತೂಕ?"

"ಎಪ್ಪತ್ತೆಂಟು," ಎಂದರು ಸಾಹೇಬರು.

"ಐವತ್ತಾರು ಅಂತ ಬರ್ಕೊಳ್ಳಿ."

ಇಬ್ಬರೂ ತಿರುಗಿ ನೋಡಿದರು. ನರ್ಸಮ್ಮ ಇನ್ನೂ ಗಾಡಿಯಿಂದ ಇಳಿದಿರಲಿಲ್ಲ. ಎಂಜಿನ್ ನಿಲ್ಲಿಸಿದ್ದರು, ಕೈ ಮಾತ್ರ ಸ್ಟಿಯರಿಂಗಿನ ಮೇಲೇ ಇತ್ತು. ಅವರ ಮುಖದಲ್ಲಿ ನಗುವೇನೂ ಇರಲಿಲ್ಲ. ವಾರ್ಡಿನಲ್ಲಿ ಔಷಧಿಯ ಪ್ರಮಾಣ ಹೇಳುವಾಗಿನ ಮುಖವದು, ಎದುರಾಡುವ ಹಾಗಿಲ್ಲ.

ಸಾಹೇಬರಿಗೆ ಅರ್ಥವಾಯಿತು. ಬರುತ್ತಾಳೆ. ನಾಲ್ಕು ತಿಂಗಳು ಕಾದ ಮಾತು ಈ ರೂಪದಲ್ಲಿ ಬರುತ್ತದೆಂದು ಅವರು ಎಣಿಸಿರಲಿಲ್ಲ. ಓಡಿಸುವ ಸೀಟು ಕೈಬಿಟ್ಟು ಹೋಯಿತಲ್ಲ ಎಂದು ಒಂದು ಗಳಿಗೆ ಕಸಿವಿಸಿಯೂ ಆಯಿತು, ಆಗಲಿಲ್ಲವೆಂದರೆ ಸುಳ್ಳಾದೀತು. ಆಮೇಲೆ ಅವರ ಬಾಯಿಂದ ಬಂದದ್ದು ಇಷ್ಟೇ:

"ಐವತ್ತಾರೂ ಮುಕ್ಕಾಲು. ಪಕ್ಕದ ಸೀಟಿಗೆ ಎಪ್ಪತ್ತೆಂಟು ಬರೀರಿ."

ಶಾಕ್ ಬರಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನದಲ್ಲಿ ಸಾಹೇಬರು ಮೀಟರು ಬಿಚ್ಚಿ ಡ್ರಾಯರಿಗೆ ಹಾಕಿ, ಗುಜರಿಯೆಲ್ಲ ತಡಕಿ ಒಂದು ಕೈಹಿಡಿ ತಂದು ಕೂರಿಸಿದರು. ನಕ್ಷೆಯನ್ನು ತಾವೇ ಇಟ್ಟುಕೊಂಡರು, ಫ್ಲಾಸ್ಕನ್ನೂ. ಹೊಸ ಶಾಕ್ ಹಾಕಿಸಿಕೊಂಡ ಸಂಜೆ ಮೇಸ್ತ್ರಮ್ಮ ಮತ್ತೊಂದು ಸುತ್ತು ಹೋಗಿ ಬನ್ನಿ ಎಂದು ಕಳಿಸಿದರು. ಗಾಡಿ ಕ್ವಾರಿಯ ದಾರಿಗಿಳಿಯಿತು. ಜಲ್ಲಿಯ ಮೇಲೆ ಮೊದಲಿನ ಗರಗರ ಇರಲಿಲ್ಲ, ಏನೋ ದೂರದಲ್ಲಿ ನಡೆಯುತ್ತಿರುವಂತೆ ಸಣ್ಣ ಸದ್ದಷ್ಟೇ. ಇದು ಹೇಗೆ ಎಂದು ಸಾಹೇಬರಿಗೆ ಕುತೂಹಲ ಉಕ್ಕಿ, ತಲೆ ತಗ್ಗಿಸಿ ಪುಸ್ತಕದಲ್ಲಿ ಬರೆಯತೊಡಗಿದರು.

"ಗುಂಡಿ," ಅಂದರು ನರ್ಸಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ.

ಸಾಹೇಬರು ತಲೆಯೆತ್ತಿದರು. ಗಾಡಿ ಇಳಿದು, ಏರಿ, ಮುಂದಕ್ಕೆ ಹೋಯಿತು. ಅವರು ಬರೆಯುತ್ತಿದ್ದ ಸಾಲನ್ನು ಅಲ್ಲಿಗೇ ಬಿಟ್ಟು ಹೆಂಡತಿಯ ಕಡೆ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದರು.

"ಇನ್ನೊಂದಿದೆ," ಅಂದರು ನರ್ಸಮ್ಮ.