ಇಳಿಯದ ಸಂಖ್ಯೆ

ಡುಲೂತ್ ನಗರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಸರೋವರ ಉಕ್ಕಿ ದಂಡೆಯ ರಸ್ತೆಯನ್ನು ನುಂಗಿದ್ದರ ಜೊತೆಗೆ, ಲೈಲ್ ಹೌಗೆನ್ ಎಂಬವನು ತನ್ನನ್ನು ಇನ್ನು ಮೇಲೆ ಸ್ವಲ್ಪ ಕೀಳಾಗಿ ಕಾಣಬೇಕೆಂದು ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿಕೊಂಡದ್ದನ್ನೂ ಸೇರಿಸಬೇಕಾಗುತ್ತದೆ. ಸಭೆಯೆಂದರೆ ಚೆಸ್ ಕ್ಲಬ್ಬಿನ ವಾರ್ಷಿಕ ಸಭೆ. ನಡೆದದ್ದು ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ. ಕಾಫಿ ಪಾತ್ರೆ ತೊಳೆಯುವವರು ಯಾರು ಎಂಬ ವಿಷಯ ಎಂದಿನಂತೆ ಇತ್ಯರ್ಥವಾಗದೆ ಮುಂದಕ್ಕೆ ಹೋಗಿತ್ತು. ಮುರಿದ ಕುರ್ಚಿಗಳ ವಿಷಯ ಇನ್ನೂ ಶುರುವಾಗಿರಲಿಲ್ಲ.

"ನನ್ನ ರೇಟಿಂಗ್ ಇಳಿಸಿ," ಎಂದ ಲೈಲ್.

ಸೇತುವೆಯಾಚೆಯ ಸುಪೀರಿಯರ್ ಊರಿನಿಂದ ಬರುವ ಗಸ್ ಬಾಯಲ್ಲಿದ್ದ ಬಿಸ್ಕತ್ತನ್ನು ಅವಸರದಲ್ಲಿ ನುಂಗಿ, "ಇನ್ನೊಂದ್ಸಲ ಹೇಳಪ್ಪ. ಮೊದಲ್ನೇ ಸಲ ತಮಾಷೆ ಅಂದ್ಕೊಂಡ್ಬಿಟ್ಟೆ," ಎಂದ.

"ಇಳಿಸಿ ಅಂದೆ. ನಾನು ಸಾವಿರದ ಎಂಟುನೂರರ ಆಟಗಾರ ಅಲ್ಲ. ಇಲ್ಲಿರೋರಿಗೆಲ್ಲ ಅದು ಗೊತ್ತು."

ಗೊತ್ತಿತ್ತು. ಲೈಲ್ ಗಣಿಯಿಂದ ಹಡಗುಕಟ್ಟೆಗೆ ಅದಿರಿನ ರೈಲು ಓಡಿಸಿ ನಿವೃತ್ತನಾದವನು. ಈಗ ಎಪ್ಪತ್ತು ದಾಟಿದೆ. ಮೂವತ್ತರ ಹರೆಯದಲ್ಲಿ ಒಮ್ಮೆ ಮಿನಿಯಾಪೊಲಿಸ್‌ನ ಒಂದು ಪಂದ್ಯಾವಳಿಯಲ್ಲಿ, ರಜೆಯ ಮೂರು ದಿನ, ಅವನಿಗೇ ಅರ್ಥವಾಗದ ಹಾಗೆ ಕೂತಲ್ಲೆಲ್ಲ ಗೆದ್ದುಬಿಟ್ಟ. ಅವನ ರೇಟಿಂಗ್, ಅಂದರೆ ಸೋಲುಗೆಲುವು ನೋಡಿ ದೇಶದ ಚೆಸ್ ಒಕ್ಕೂಟ ಕೊಡುವ ಸಂಖ್ಯೆ, ಎರಡು ಸಾವಿರ ದಾಟಿತು. ಅಲ್ಲಿ ಅದು ಹೆಚ್ಚು ದಿನ ನಿಲ್ಲಲಿಲ್ಲ, ಆದರೆ ಒಕ್ಕೂಟದ ನಿಯಮಕ್ಕೆ ಅಷ್ಟು ಸಾಕಾಗಿತ್ತು. ಒಮ್ಮೆ ಆ ಎತ್ತರ ಮುಟ್ಟಿದವನು ಆಮೇಲೆ ಎಷ್ಟೇ ಸೋತರೂ ಅವನ ಸಂಖ್ಯೆ ಅಲ್ಲಿಂದ ಇನ್ನೂರಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಲ್ಲೊಂದು ನೆಲ ಹಾಕಿಬಿಡುತ್ತಾರೆ. ಗಟ್ಟಿಗರು ಬೇಕೆಂದೇ ಸೋತು, ಕೆಳಗಿನ ದರ್ಜೆಗೆ ನುಸುಳಿ, ಎಳಸು ಆಟಗಾರರ ಬಹುಮಾನ ಬಾಚಿಕೊಳ್ಳಬಾರದು ಎಂಬುದು ಉದ್ದೇಶ. ಲೈಲ್ ಯಾವ ಬಹುಮಾನಕ್ಕಾಗಿಯೂ ಸೋತವನಲ್ಲ. ಅವನು ಸುಮ್ಮನೆ ಸೋಲುತ್ತಿದ್ದ.

ನೌಕರಿ, ಮಕ್ಕಳು ಎಂದು ಆಟ ಬಿಟ್ಟವನು ನಿವೃತ್ತಿಯ ನಂತರ ಮರಳಿ ಬಂದಾಗ ಅವನ ಆಟ ಎಲ್ಲೋ ಹೋಗಿತ್ತು. ಸಂಖ್ಯೆ ಮಾತ್ರ ಕಾದು ಕೂತಿತ್ತು. ಉಳಿದವರು ಸೋತರೆ ಇಳಿಯುತ್ತಾರೆ. ಲೈಲ್ ಸೋತರೆ, ಬರೀ ಡ್ರಾ ಆದರೂ, ಎದುರಿನವನು ಏರುತ್ತಾನೆ, ಲೈಲ್ ಇದ್ದಲ್ಲೇ ಇರುತ್ತಾನೆ. ಹೀಗೆ ಅರ್ಧ ಕ್ಲಬ್ಬು ಅವನ ಹೆಗಲ ಮೇಲೆ ಕಾಲಿಟ್ಟು ಮೇಲೇರಿತ್ತು. ಹಿಮ ಸುರಿಯುವ ಸಂಜೆಯಲ್ಲೂ ಗಸ್ ಸೇತುವೆ ದಾಟಿ ಬರುತ್ತಿದ್ದುದು ಚರ್ಚಿನ ಕಾಫಿಯ ಆಸೆಗಲ್ಲ. ಲೈಲ್‌ಗೆ ನೆಗಡಿಯಾದರೆ ಮನೆಗೆ ಮೂರು ಫೋನು ಬರುತ್ತಿದ್ದವು. ಅವನ ಆರೋಗ್ಯದ ಬಗ್ಗೆ ಕ್ಲಬ್ಬಿಗಿದ್ದ ಕಾಳಜಿ ಅವನ ಮಕ್ಕಳಿಗೂ ಇರಲಿಲ್ಲ.

ಅಧ್ಯಕ್ಷನ ಕುರ್ಚಿಯಲ್ಲಿ ಡೆನ್ನಿಸ್ ಕೊವಾಚ್ ಕೂತಿದ್ದ. ಹಲ್ಲಿನ ಡಾಕ್ಟರು. ಅಲ್ಲಿದ್ದವರಲ್ಲಿ ಬಹಳ ಜನ ಅವನೆದುರು ಬಾಯಿ ತೆರೆದವರೇ ಆದ್ದರಿಂದ ಸಭೆಯಲ್ಲಿ ಅವನೆದುರು ಬಾಯಿ ತೆರೆಯುವವರು ಕಡಿಮೆ.

"ಲೈಲ್, ಆ ಸಂಖ್ಯೆ ನೀವು ಸಂಪಾದಿಸಿದ್ದು," ಎಂದ ಡೆನ್ನಿಸ್ ಮೃದುವಾಗಿ. "ಅದನ್ನ ನಿಮ್ಮಿಂದ ಯಾರೂ ಕಿತ್ಕೊಳ್ಳೋಕೆ ಆಗಲ್ಲ."

"ಕಿತ್ಕೊಳ್ಳಿ ಅಂತಾನೇ ಕೇಳ್ತಿದೀನಲ್ಲಯ್ಯ."

"ಇದು ಕ್ಲಬ್ಬಿನ ಮರ್ಯಾದೆ ಪ್ರಶ್ನೆ. ನಮ್ಮಲ್ಲಿ ಸಾವಿರದ ಎಂಟುನೂರು ಅಂತ ಇರೋದು ನೀವೊಬ್ರೇ."

"ಮರ್ಯಾದೆ ಅನ್ಬೇಡ ಡೆನ್ನಿಸ್. ಕರೆಯೋ ಹಸು ಅನ್ನು," ಎಂದಳು ಹಿಂದಿನ ಸಾಲಿನಿಂದ ಲವಾನ್ ಲೆಹ್ಟೊ. ಕೆಲವರು ನಕ್ಕರು. ಗಸ್ ಚಾವಣಿಯ ಟ್ಯೂಬ್‌ಲೈಟ್ ನೋಡುತ್ತ ಕೂತ.

ಈ ಬೇಡಿಕೆಯ ಹಿಂದೆ ಲವಾನ್ ಇದ್ದಳು ಎಂಬುದನ್ನು ಇಲ್ಲಿ ಹೇಳಬೇಕು. ಅವಳು ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಅರವತ್ತರ ನಂತರ ಮೊಣಕಾಲಿನ ಆಪರೇಷನ್ ಆಗಿ ಮಂಚ ಹಿಡಿದಿದ್ದಾಗ ಲೈಬ್ರರಿಯ ಪುಸ್ತಕ ನೋಡಿ ಚೆಸ್ ಕಲಿತಳು. ಅವಳ ಮೊದಲ ರೇಟಿಂಗ್ ಸಾವಿರದ ಹತ್ತಿರವೂ ಬಂದಿರಲಿಲ್ಲ. ಅಲ್ಲಿಂದ ಐದು ಏರಿ, ಎಂಟು ಇಳಿದು, ಹನ್ನೆರಡು ಏರಿ, ಸಾವಿರದ ನಾನೂರು ದಾಟಿದ್ದಳು. ಹೋದ ಚಳಿಗಾಲದ ಮೊದಲಲ್ಲಿ ಅವಳೂ ಲೈಲ್‌ನನ್ನು ಸೋಲಿಸಿದಳು. ಆಟ ಮುಗಿದ ಮೇಲೆ ಇಬ್ಬರೂ ಪಕ್ಕದ ಕೋಣೆಗೆ ಹೋಗಿ, ಆಡಿದ್ದನ್ನೆಲ್ಲ ಮತ್ತೆ ಬಿಡಿಸಿ ನೋಡುವುದು ಪದ್ಧತಿ. ಪಕ್ಕದ ಕೋಣೆಯೆಂದರೆ ಭಾನುವಾರದ ಮಕ್ಕಳ ಪಾಠದ ಕೋಣೆ, ಕುರ್ಚಿಗಳು ಗಿಡ್ಡ. ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಲವಾನ್ ಹೇಳಿದಳು:

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಆಡೋಕೆ ಕೂತಾಗಲೇ ಎದ್ದು ಹೋಗೋ ಮುಖ ಮಾಡ್ಕೊಂಡಿರ್ತೀಯ. ಸೋತ್ರೆ ಏನೂ ಆಗಲ್ಲ ಅಂತ ನಿಂಗೆ ಗೊತ್ತು, ಅದಕ್ಕೆ."

ಲೈಲ್ ಬೇಜಾರು ಮಾಡಿಕೊಂಡ. ಎರಡು ವಾರ ಬರಲಿಲ್ಲ, ಫೋನುಗಳು ಬಂದವು. ಮೂರನೆಯ ವಾರ, ಭಾನುವಾರ ಮಧ್ಯಾಹ್ನ, ನೇರ ಲವಾನ್‌ಳ ಅಡುಗೆಮನೆಗೆ ಬಂದು ಕೂತ.

ಅವಳು ಹಲಗೆಯ ಮೇಲೆ ಎರಡು ರಾಜ, ಒಂದು ಕಾಲಾಳು ಇಟ್ಟಳು. ಬೇರೆ ಏನೂ ಇಡಲಿಲ್ಲ.

"ಇದು ಮಕ್ಕಳ ಪಾಠ," ಎಂದ ಲೈಲ್.

"ಹೌದು. ಗೆಲ್ಲು ನೋಡೋಣ."

ಕೊನೆಯ ಸಾಲು ಮುಟ್ಟಿಸಿ ಮಂತ್ರಿ ಮಾಡಲು ಅವನು ಕಾಲಾಳನ್ನು ಮುಂದೆ ಅಟ್ಟಿದ. ಅವಳ ರಾಜ ಅಡ್ಡ ಬಂದು ನಿಂತ. ಆಟ ಡ್ರಾ ಆಯಿತು. ಮತ್ತೆ ಅಟ್ಟಿದ, ಮತ್ತೆ ಡ್ರಾ.

"ರಾಜ ಮುಂದೆ ಹೋಗಬೇಕು ಕಣೋ, ಕಾಲಾಳು ಹಿಂದೆ. ಇಷ್ಟೂ ಗೊತ್ತಿಲ್ದೆ ಅದು ಹೇಗೆ ಎರಡು ಸಾವಿರ ದಾಟಿದೆ ನೀನು?"

"ಆಗ ಆಟ ಇಲ್ಲೀವರೆಗೂ ಬರ್ತಾನೇ ಇರ್ಲಿಲ್ಲ."

ಆ ಚಳಿಗಾಲವೆಲ್ಲ ಭಾನುವಾರಗಳು ಹಾಗೆ ಹೋದವು. ರಾಜ ಮತ್ತು ಕಾಲಾಳಿನಿಂದ ಆನೆಗಳಿಗೆ, ಆನೆಗಳಿಂದ ಕುದುರೆಗೆ. ಲೈಲ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಯೋಚಿಸುವುದನ್ನು ಕಲಿತ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬುದು ನಿಯಮವಾದ್ದರಿಂದ, ಕೈಗಳನ್ನು ನಂಬಬಾರದೆಂದು ಲವಾನ್‌ಳ ಮತ. ನಡುವೆ ಅವನು ಕ್ಲಬ್ಬಿನಲ್ಲಿ ಒಂದೆರಡು ಆಟ ಗೆದ್ದ. ಸಾವಿರದ ನಾನೂರರವರನ್ನು ಸಾವಿರದ ಎಂಟುನೂರರವನು ಗೆದ್ದರೆ ಸಿಗುವ ಅಂಕ ಬೆರಳಲ್ಲಿ ಹಿಡಿಯುವಷ್ಟು. ಮಾರನೆಯ ವಾರದ ಒಂದು ಸೋಲು ಅದನ್ನೂ ಒರೆಸಿ, ಸಂಖ್ಯೆಯನ್ನು ತಂದು ಅದೇ ನೆಲದ ಮೇಲೆ ಕೂರಿಸುತ್ತಿತ್ತು.

"ಈ ಇಳಿಯೋ ಹುಚ್ಚು ನಿಂಗ್ಯಾಕೆ ಹಿಡೀತು?" ಎಂದು ಒಂದು ಭಾನುವಾರ ಕೇಳಿದಳು ಲವಾನ್. "ಚೆನ್ನಾಗಿ ಆಡ್ತಿದೀಯ. ಸಾಲ್ದಾ?"

"ಚೆನ್ನಾಗಿ ಆಡ್ತಿದೀನಿ ಅಂತ ನೀನು ಹೇಳ್ತೀಯ."

"ಮತ್ತೆ ಯಾರು ಹೇಳ್ಬೇಕು? ಪಾದ್ರಿಗಳಾ?"

ಲೈಲ್ ಸ್ವಲ್ಪ ಹೊತ್ತು ಕಾಫಿ ಕಲಕಿದ. ಅದಕ್ಕೆ ಅವನು ಸಕ್ಕರೆ ಹಾಕಿರಲಿಲ್ಲ.

"ನಮ್ಮಣ್ಣ ಆರ್ವಿಲ್‌ಗೆ ಮರೆವು ಶುರುವಾದಾಗ ಅವನಿಗೇ ಗೊತ್ತಾಗ್ಲಿಲ್ಲ, ಲವಾನ್. ಕೇಳಿದ್ರೆ ಚೆನ್ನಾಗಿದೀನಿ ಅಂತಿದ್ದ. ನಾವೂ ಅವನ ಮುಖ ನೋಡ್ಕೊಂಡು ಹೌದಪ್ಪ ಚೆನ್ನಾಗಿದೀಯ ಅಂತಿದ್ವಿ. ಈಗ ನಂಗೆ ಅವನ ವಯಸ್ಸಾಯ್ತು. ಕಲೀತಿದೀನಾ, ಕಳ್ಕೊಳ್ತಿದೀನಾ, ನಂಗೆ ಗೊತ್ತಾಗ್ಬೇಕು. ನಿನ್ನ ಸಂಖ್ಯೆ ವಾರಾವಾರ ಮುಖಕ್ಕೆ ಹೊಡೆದ ಹಾಗೆ ಹೇಳತ್ತೆ. ನಂದು ಬಾಯೇ ಬಿಡಲ್ಲ."

ನಿನಗೇನೂ ಆಗಿಲ್ಲ ಎನ್ನಬಹುದಿತ್ತು ಅವಳು. ಬೇರೆಯವರಾಗಿದ್ದರೆ ಅನ್ನುತ್ತಿದ್ದರು. ಅವಳು ಅವನ ತಟ್ಟೆಗೆ ಇನ್ನೊಂದು ತುಂಡು ರೂಬಾರ್ಬ್ ಕೇಕು ಹಾಕಿ, "ಹಾಗಿದ್ರೆ ಸಭೇಲಿ ಎದ್ದು ಕೇಳು. ನನ್ನ ಅಡುಗೆಮನೇಲಿ ಗೊಣಗಿದ್ರೆ ಯಾರು ಇಳಿಸ್ತಾರೆ?" ಎಂದಳು.

ಹಾಗೆ ಎದ್ದವನು ಈಗ ಎದ್ದೇ ನಿಂತಿದ್ದ.

ವಯಸ್ಸಾದವರ ನೆಲವನ್ನು ಒಂದು ಮೆಟ್ಟಿಲು ಕೆಳಗಿಳಿಸುವುದಕ್ಕೆ ಒಕ್ಕೂಟದಲ್ಲಿ ದಾರಿಯಿತ್ತು. ಇವರ ಆಟ ನಿಜವಾಗಿ ಕುಂದಿದೆ ಎಂದು ಊರಿನ ಕ್ಲಬ್ಬಿನ ಅಧ್ಯಕ್ಷ ಒಂದು ಮಾತು ಹೇಳಬೇಕು, ಅಷ್ಟೆ. ಅಂದರೆ ಡೆನ್ನಿಸ್ ಹೇಳಬೇಕು.

"ಹೇಳಬಹುದಿತ್ತು," ಎಂದ ಡೆನ್ನಿಸ್. "ಹೋದ ವರ್ಷ ಕೇಳಿದ್ರೆ ಕಣ್ಮುಚ್ಚಿ ಹೇಳ್ತಿದ್ದೆ. ಆದರೆ ಮೊನ್ನೆ ತಾನೇ ಗಸ್‌ನ ಸೋಲಿಸಿದ್ರಿ. ಅದಕ್ಕೆ ಮುಂಚೆ ಇನ್ನಿಬ್ಬರನ್ನ. ಕುಂದಿದೀರಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಹಾಗಾದ್ರೆ ಸುಧಾರಿಸಿದೀನಾ?"

"ಹಾಗೂ ಹೇಳೋಕಾಗಲ್ಲ. ರೇಟಿಂಗ್ ಏರಿಲ್ವಲ್ಲ."

ಲೈಲ್ ಅವನನ್ನೇ ನೋಡುತ್ತ ನಿಂತ. ಡೆನ್ನಿಸ್ ಹೃದಯವಿಲ್ಲದವನಲ್ಲ, ಬೆವರು ಒರೆಸಿಕೊಂಡು ಒಂದು ದಾರಿ ಹುಡುಕಿದ. "ಶನಿವಾರ ಕ್ಲಬ್ಬಿನ ಪಂದ್ಯದಲ್ಲಿ ನಮ್ಮಿಬ್ಬರದೇ ಕೊನೇ ಆಟ ಇದೆ. ನಾನೇ ಎದುರಿಗೆ ಕೂತು ನೋಡ್ತೀನಿ. ನೀವು ಸೋತ್ರೆ ಅವತ್ತೇ ಒಕ್ಕೂಟಕ್ಕೆ ಫೋನ್ ಮಾಡ್ತೀನಿ. ಆಗಬಹುದಾ?"

ಸಭೆಗೆ ಇದು ನ್ಯಾಯವಾಗಿ ಕಂಡಿತು. ಎರಡು ಚಳಿಗಾಲಗಳಿಂದ ಸಾವಿರದ ಆರುನೂರರ ಹೊಸ್ತಿಲಲ್ಲಿ, ಐದೇ ಅಂಕ ಕಡಿಮೆಯಾಗಿ, ಡೆನ್ನಿಸ್ ನಿಂತಿದ್ದಾನೆಂಬುದು ಆ ಕ್ಷಣದಲ್ಲಿ ನೆನಪಾದದ್ದು ಇಬ್ಬರು ಮೂವರಿಗೆ. ಅವರು ಕುರ್ಚಿಗಳ ವಿಷಯ ಎತ್ತಿಕೊಂಡರು.

ಶನಿವಾರ ಬೆಳಿಗ್ಗೆ ಲವಾನ್ ತನ್ನ ಕಾರಿನಲ್ಲಿ ಲೈಲ್‌ನನ್ನು ಕರೆತಂದಳು. ಸರೋವರದ ಮಂಜುಗಡ್ಡೆ ಒಡೆದು ದಂಡೆಗೆ ಬಂದು ಬಿದ್ದಿತ್ತು. ಚರ್ಚಿನ ಅಂಗಳದಲ್ಲಿ ಕಾರು ನಿಲ್ಲಿಸಿ ಅವಳು ಇಳಿಯಲಿಲ್ಲ.

"ಸೋತುಬಿಡು," ಎಂದಳು. "ಅವನಿಗೆ ಅವನ ಸಾವಿರದ ಆರುನೂರು ಸಿಗತ್ತೆ, ನಿಂಗೆ ನಿನ್ನ ಸಂಖ್ಯೆ. ಮುಂದಿನ ತಿಂಗಳಿಂದ ವಾರಾವಾರ ಏರ್ತೀಯೋ ಇಳೀತೀಯೋ ನೋಡ್ಕೋ."

"ಬೇಕೂಂತ ಸೋತು, ಆಮೇಲೆ ಅದನ್ನ ನಂಬೋದಾ?"

"ನಂಗೇನು ಗೊತ್ತು ಮಾರಾಯ. ನಾನು ಬಸ್ಸು ಓಡಿಸಿದವಳು."

"ಬೇಕೂಂತ ಸೋಲಲ್ಲ," ಎಂದ ಲೈಲ್. "ಸೋಲೋದಕ್ಕೆ ನಂಗೆ ಅಷ್ಟೊಂದು ಪ್ರಯತ್ನ ಬೇಕಾಗಿಲ್ಲ."

ಅದು ಸರಿಯೇ ಇತ್ತು. ಆಟ ನಡುವಿಗೆ ಬರುವಷ್ಟರಲ್ಲಿ ಅವನು ಒಂದು ಕಾಲಾಳು ಕಳೆದುಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು. ಉಳಿದ ಮೇಜುಗಳಲ್ಲಿ ಆಟ ಮುಗಿದಿತ್ತು. ಜನ ಕಾಫಿ ಲೋಟ ಹಿಡಿದು ಇವರ ಸುತ್ತ ನಿಂತರು. ಹಲಗೆಯ ಮೇಲೆ ಡೆನ್ನಿಸ್‌ನ ಒಂಟೆಯೊಂದು, ಬಲಬದಿಯಲ್ಲಿ ಜೋಡಿ ಕಾಲಾಳು. ಲೈಲ್‌ನದು ಒಂದು ಕುದುರೆ. ಜೊತೆಗೆ ಇಬ್ಬರ ರಾಜರು. ಎರಡು ಕಾಲಾಳುಗಳು ಕೈಕೈ ಹಿಡಿದು ಮೇಲೆ ಬಂದರೆ ತಡೆಯುವುದು ಕುದುರೆಯ ಕೈಲಾಗದ ಕೆಲಸ. ಗಸ್ ಕೋಟು ಹಾಕಿಕೊಂಡ.

ಲೈಲ್ ತೊಡೆಯ ಕೆಳಗೆ ಕೈಯಿಟ್ಟು ಕೂತಿದ್ದ. ಕೂತೇ ಇದ್ದ. ಅವನ ತುಟಿಗಳು ಅಲುಗುತ್ತಿದ್ದವು. ಬಿಳಿ, ಕಪ್ಪು, ಬಿಳಿ ಎಂದು ಮೂಲೆಯವರೆಗಿನ ಮನೆಗಳನ್ನು ಎಣಿಸುತ್ತಿದ್ದುದು ಹತ್ತಿರ ನಿಂತ ಲವಾನ್‌ಗೆ ಮಾತ್ರ ಕೇಳಿಸಿತು. ಅವಳಿಗೂ ಯಾಕೆಂದು ತಿಳಿಯಲಿಲ್ಲ.

ಆಮೇಲೆ ಅವನು ಬಲಗೈ ತೆಗೆದು, ಕುದುರೆಯನ್ನು ಎತ್ತಿ, ಒಳಗಿನ ಕಾಲಾಳನ್ನು ಹೊಡೆದ. ಆ ಕಾಲಾಳಿಗೆ ಕಾವಲಿತ್ತು. ಡೆನ್ನಿಸ್ ಒಂದು ಕ್ಷಣವೂ ತಡೆಯದೆ ಕುದುರೆಯನ್ನು ಹೊಡೆದುಹಾಕಿದ.

"ಅಯ್ಯೋ ಪಾಪ," ಎಂದರು ಯಾರೋ.

ಲೈಲ್‌ನ ಬಳಿ ಈಗ ರಾಜನೊಬ್ಬನೇ. ಆ ರಾಜ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಲತುದಿಯ ಮೂಲೆಗೆ ಹೋಗಿ ಕೂತ. ಡೆನ್ನಿಸ್ ಅಂಚಿನ ಕಾಲಾಳನ್ನು ಮುಂದೆ ತಳ್ಳಿದ, ಇನ್ನೊಮ್ಮೆ ತಳ್ಳಿದ, ಒಂಟೆಯನ್ನು ತಂದ, ರಾಜನನ್ನು ತಂದ. ಆಮೇಲೆ ಅವನ ಕೈ ನಿಂತಿತು. ಕಾಲಾಳು ಮಂತ್ರಿಯಾಗಬೇಕಾದ್ದು ಅದೇ ಮೂಲೆಯ ಮನೆಯಲ್ಲಿ. ಆ ಮನೆ ಕಪ್ಪು. ಅವನ ಒಂಟೆ ಓಡಾಡುವುದು ಬಿಳಿಯ ಮನೆಗಳ ಮೇಲೆ. ಮೂಲೆಯಲ್ಲಿ ಕೂತ ರಾಜನನ್ನು ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಸುತ್ತ ಎಲ್ಲ ದಾರಿ ಮುಚ್ಚಿದರೆ ನಡೆಯಲು ಜಾಗವಿಲ್ಲದೆ ಆಟವೇ ಡ್ರಾ. ಡೆನ್ನಿಸ್ ಒಂಟೆಯನ್ನು ಆ ಕಡೆ, ಈ ಕಡೆ ಓಡಿಸಿ ನೋಡಿದ. ಜನರ ಕೈಯಲ್ಲಿ ಕಾಫಿ ತಣ್ಣಗಾಯಿತು. ಗಸ್ ಕೋಟಿನ ಗುಂಡಿ ಬಿಚ್ಚಿ ಮತ್ತೆ ಮುಂದೆ ಬಂದು, "ಇದೇನ್ರೀ ಇದು?" ಎಂದ.

ಡೆನ್ನಿಸ್ ಡ್ರಾ ಎಂದು ಕೈ ಚಾಚಿದ. ಲೈಲ್ ಕುಲುಕಿದ.

ಪಕ್ಕದ ಕೋಣೆಯಲ್ಲಿ, ಗಿಡ್ಡ ಕುರ್ಚಿಗಳಲ್ಲಿ, ಮೂವರೂ ಮೊಣಕಾಲು ಮಡಚಿ ಕೂತರು.

"ಇದನ್ನ ಪುಸ್ತಕದಲ್ಲಿ ಓದಿದ್ದೆ," ಎಂದ ಡೆನ್ನಿಸ್. "ಓದಿದ್ದೆ, ನೋಡಿ. ಕುದುರೆ ಸಿಗ್ತಲ್ಲ ಅನ್ನೋ ಖುಷೀಲಿ ಹೊಳೀಲೇ ಇಲ್ಲ. ಲವಾನ್, ನೀವು ಹೇಳ್ಕೊಟ್ರಾ?"

"ನಂಗೇ ಗೊತ್ತಿರ್ಲಿಲ್ಲ. ಇನ್ನೂ ಅಲ್ಲೀವರೆಗೆ ನಾವು ಹೋಗಿಲ್ಲ," ಎಂದಳು ಲವಾನ್. ಅವಳು ಹಲಗೆಯನ್ನಲ್ಲ, ಲೈಲ್‌ನನ್ನು ನೋಡುತ್ತಿದ್ದಳು. "ಎಲ್ಲಿ ಕಲಿತೆಯೋ?"

"ಎಲ್ಲೂ ಇಲ್ಲ. ಅಲ್ಲೇ ಕೂತು ಎಣಿಸ್ದೆ."

ಡೆನ್ನಿಸ್ ಕುದುರೆಯನ್ನು ಎತ್ತಿ ಬೆರಳಲ್ಲಿ ತಿರುಗಿಸಿ ನೋಡಿದ.

"ಇದನ್ನ ನೋಡಿದ ಮೇಲೆ ನೀವು ಕುಂದಿದೀರಿ ಅಂತ ನಾನು ಹೇಳೋಕಾಗಲ್ಲ, ಲೈಲ್," ಎಂದ ಡೆನ್ನಿಸ್. ಕ್ಷಮೆ ಕೇಳುವ ಧ್ವನಿಯಿತ್ತು ಅದರಲ್ಲಿ. "ಸುಳ್ಳಾಗತ್ತೆ."

"ಬೇಡ ಬಿಡು," ಎಂದ ಲೈಲ್. ಅವನು ಆಗಲೇ ಕಾಯಿಗಳನ್ನು ಮತ್ತೆ ಜೋಡಿಸುತ್ತಿದ್ದ. "ಒಂಟೇನ ಈ ಸಲ ಈ ಕಡೆಯಿಂದ ತಾ, ನೋಡೋಣ. ಇನ್ನೂ ಸ್ವಲ್ಪ ದೂರ ಇಟ್ಕೋ ನಿನ್ನ ರಾಜನ್ನ. ಹಾಂ. ಈಗ ಓಡಿಸು."

ಡೆನ್ನಿಸ್ ಓಡಿಸಿದ. ಲೈಲ್ ಮೂಲೆ ಸೇರಿದ. ಇನ್ನೊಂದು ಸಲ ಆಗಲಿ ಎಂದ.

ಮರುವಾರ ಒಕ್ಕೂಟದ ಹೊಸ ಸಂಖ್ಯೆಗಳು ಬಂದವು. ಡೆನ್ನಿಸ್ ಕೊವಾಚ್ ಸಾವಿರದ ಆರುನೂರು ದಾಟಿದ್ದ. ಲೈಲ್ ಹೌಗೆನ್, ಸಾವಿರದ ಎಂಟುನೂರು.