ಅತ್ತೆಯ ಹಲ್ಲಿನಲ್ಲಿ ಹನ್ನೆರಡು ಪದ

ನಮ್ಮ ಭಾವನಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಬಲು ಇಷ್ಟವಾದ ಮಾತೆಂದರೆ 'ಜೋಪಾನ'. ನನ್ನ ಗಂಡ ತೀರಿಕೊಂಡಾಗ ಕಾರ್ಖಾನೆಯವರು ಕೊಟ್ಟ ಪರಿಹಾರದ ಹಣವನ್ನು ಅವರು ಜೋಪಾನವಾಗಿ ಇಡುತ್ತೇನೆಂದು ತೆಗೆದುಕೊಂಡು ಹೋದರು. ನಾಲ್ಕು ವರ್ಷವಾಯಿತು. ಅದು ಎಷ್ಟು ಜೋಪಾನವಾಗಿದೆಯೆಂದರೆ ಇವತ್ತಿನವರೆಗೂ ಯಾರ ಕಣ್ಣಿಗೂ ಬಿದ್ದಿಲ್ಲ. ಅತ್ತೆಯ ಬಳೆಗಳೂ ಹಾಗೆಯೇ ಜೋಪಾನವಾದವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಆಗ ನನಗೆ ಅಳುವುದೊಂದೇ ಕೆಲಸವಾಗಿತ್ತು, ಸುಮ್ಮನಿದ್ದೆ. ಈಗ ನನಗೆ ಬೇರೆ ಕೆಲಸವಿದೆ.

ನಾನು ಹಲ್ಲು ಮಾಡುವವಳು. ದಂತವೈದ್ಯರು ಬಾಯಿಯ ಅಳತೆ ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ಕಟ್ಟುತ್ತೇನೆ. ಸಂಜೆ ಮನೆಯ ಕಂಪ್ಯೂಟರಿನಲ್ಲಿ ಪರದೇಶದ ಎರಡು ಕ್ಲಿನಿಕ್ಕುಗಳಿಗೆ ಹಲ್ಲಿನ ಆಕಾರ ತಿದ್ದಿ ಕಳಿಸುತ್ತೇನೆ. ಅವರು ಕೊಡುವುದು ಡಿಜಿಟಲ್ ಕಾಸು. ಬ್ಯಾಂಕಿನ ದಾರಿಯಲ್ಲಿ ಬಂದರೆ ಹದಿನೈದು ದಿನ, ನಡುವಿನವರು ಕಚ್ಚಿಕೊಳ್ಳುವುದು ಬೇರೆ. ಇದಾದರೆ ಲೋಟದ ಚಹಾ ಆರುವುದರೊಳಗೆ ಫೋನಿಗೆ ಬಂದು ಬೀಳುತ್ತದೆ. ಮೂಲೆಯ ದಿನಸಿ ಅಂಗಡಿಯವಳು, ಕೆಳಗಿನ ಔಷಧಿ ಅಂಗಡಿಯವನು ಇಬ್ಬರೂ ಇದನ್ನು ತೆಗೆದುಕೊಳ್ಳುತ್ತಾರೆ. ಮೊದಮೊದಲು ದಿನಸಿಯವಳು, "ಕಣ್ಣಿಗೆ ಕಾಣದ ಕಾಸಿಗೆ ಕಣ್ಣಿಗೆ ಕಾಣೋ ಅಕ್ಕಿ ಕೊಡಬೇಕಾ?" ಎಂದು ಗೊಣಗಿದ್ದಳು. ಈಗ ಅವಳೇ ನನಗೆ ಎರಡು ಹೊಸ ವಿಷಯ ಹೇಳಿಕೊಡುತ್ತಾಳೆ.

ಈ ಕಾಸಿಗೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ. ಫೋನಿನಲ್ಲಿ ಇದನ್ನಿಡುವ ಚೀಲ, ಅಂದರೆ ವ್ಯಾಲೆಟ್, ತೆರೆದ ದಿನ ಅದು ಹನ್ನೆರಡು ಇಂಗ್ಲಿಷ್ ಪದಗಳನ್ನು ಕೊಡುತ್ತದೆ. ಫೋನು ನೀರಿಗೆ ಬೀಳಲಿ, ಬೆಂಕಿಗೆ ಬೀಳಲಿ, ಆ ಹನ್ನೆರಡನ್ನು ಅದೇ ಸಾಲಿನಲ್ಲಿ ಇನ್ನೊಂದು ಫೋನಿಗೆ ಹಾಕಿದರೆ ದುಡ್ಡು ಅಲ್ಲಿ ಹಾಜರು. ಹಾಕಿದವರು ಯಾರು ಎಂದು ಅದು ಕೇಳುವುದಿಲ್ಲ. ಪದ ಗೊತ್ತಿದ್ದವನೇ ಯಜಮಾನ. ಅದಕ್ಕೇ ಫೋಟೋ ತೆಗೆದಿಡಬಾರದು, ಮೇಲ್ ಮಾಡಿಕೊಳ್ಳಬಾರದು. ಚೀಟಿಯಲ್ಲಿ ಬರೆದು ಅಕ್ಕಿ ಡಬ್ಬದಲ್ಲಿ ಇಡೋಣವೆಂದರೆ ನಮ್ಮ ಭಾವ ಬಂದಾಗಲೆಲ್ಲ ನೇರ ಅಡುಗೆಮನೆಗೇ ಹೋಗುತ್ತಾರೆ.

ಹಾಗಾಗಿ ನನಗೆ ಗೊತ್ತಿರುವ ಜಾಗದಲ್ಲೇ ಇಟ್ಟೆ. ಹೋದ ವರ್ಷ ಅತ್ತೆಗೆ ಮೇಲಿನ ಸೆಟ್ಟನ್ನು ನಾನೇ ಮಾಡಿಕೊಟ್ಟೆ. ಅದರ ನಸುಗೆಂಪು ವಸಡಿನ ಒಳಮಗ್ಗುಲಲ್ಲಿ, ಹನ್ನೆರಡು ಹಲ್ಲುಗಳ ಹಿಂದೆ, ಒಂದೊಂದು ಹಲ್ಲಿಗೆ ಒಂದೊಂದು ಪದದಂತೆ ಸೂಜಿಮೊನೆಯಿಂದ ಕೊರೆದೆ. ಮೊದಲ ನಾಲ್ಕು ಅಕ್ಷರ ಇದ್ದರೆ ಸಾಕು, ಉಳಿದದ್ದನ್ನು ವ್ಯಾಲೆಟ್ಟೇ ಗುರುತಿಸುತ್ತದೆ. ನಾಲಗೆಗೆ ಕೂಡ ತಾಕದಷ್ಟು ಸಣ್ಣ ಅಕ್ಷರ. ಅತ್ತೆಗೆ ಮಾತ್ರ ಹೇಳಿದ್ದೆ. "ನನಗೇನು, ಬಾಡಿಗೆ ಕೊಡ್ತೀಯಾ?" ಎಂದು ಕೇಳಿ, ವಾರಕ್ಕೆರಡು ಸೇಬಿಗೆ ಒಪ್ಪಿಕೊಂಡರು.

ಹೀಗಿರುವಾಗ ನಮ್ಮ ಲ್ಯಾಬಿನ ಯಜಮಾನರು ಕೈ ನಡುಗುತ್ತದೆಂದು ಕೆಲಸ ಬಿಡುವ ಮಾತಾಡಿದರು. ಅವರ ಕೋಣೆ, ಬೆಂಚು, ಪಿಂಗಾಣಿ ಹಲ್ಲು ಬೇಯಿಸುವ ಒಲೆ, ಎಲ್ಲವನ್ನೂ ನನಗೇ ಕೊಡಲು ಅವರಿಗೆ ಆಸೆ. "ಶುಕ್ರವಾರದವರೆಗೆ ಕಾಯ್ತೀನಿ ಮಗಳೇ. ಆಮೇಲೆ ಪಕ್ಕದ ಅಂಗಡಿಯವನು ಗೋಡೆ ಒಡೆದು ಗೋದಾಮು ಮಾಡ್ಕೊಳ್ತಾನಂತೆ," ಎಂದರು. ನನ್ನ ಮೂರು ವರ್ಷದ ಸಂಜೆಗಳೆಲ್ಲ ಸೇರಿದರೆ ಆ ಒಲೆ ನನ್ನದಾಗುತ್ತಿತ್ತು. ಇನ್ನೊಬ್ಬರ ಕೈಕೆಳಗೆ ಕೂರದೆ, ನನ್ನ ಬಾಗಿಲನ್ನು ನಾನೇ ತೆರೆದು ಒಳಗೆ ಹೋಗುವ ಆಸೆ ನನಗೆ ಎಷ್ಟಿತ್ತೆಂದು ಹೇಳಲು ನಾಚಿಕೆಯಾಗುತ್ತದೆ.

ಸುದ್ದಿ ಭಾವನ ಕಿವಿಗೆ ಬಿತ್ತು. ಹಳೇ ಗಾಡಿಗಳ ದಲ್ಲಾಳಿ ಅವರು. ಯಾರ ಹತ್ತಿರ ಎಷ್ಟಿದೆ ಎಂಬುದು ಮೂಗಿಗೇ ತಿಳಿಯುತ್ತದೆ. ಭಾನುವಾರ ಬಂದು ಕುರ್ಚಿಯಲ್ಲಿ ಕಾಲು ಚಾಚಿ ಕೂತರು.

"ನೋಡಮ್ಮ, ಒಲೆ ಗಿಲೆ ಎಲ್ಲ ಆಮೇಲೆ. ನಿನ್ನ ಕಾಸಿಗೆ ಹನ್ನೆರಡು ಪದ ಇರುತ್ತಂತಲ್ಲ, ಅದನ್ನ ನನಗೆ ಬರೆದುಕೊಡು. ಜೋಪಾನವಾಗಿ ಇಟ್ಟಿರ್ತೀನಿ."

"ಬೇಡ ಭಾವ. ಅವು ಇರೋ ಜಾಗದಲ್ಲಿ ಚೆನ್ನಾಗೇ ಇವೆ."

"ನಾಳೆ ನಿನಗೇ ಏನಾದ್ರೂ ಆದ್ರೆ? ಮನೇಲಿ ಗಂಡಸು ಅಂತ ಇರೋನು ನಾನೊಬ್ಬ."

"ನೀವು ಮನೇಲಿ ಎಲ್ಲಿದ್ದೀರಿ? ಮೂರು ಬೀದಿ ಆಚೆ ಇದ್ದೀರಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಮಗನ ಮುಖ ಹುಳ್ಳಗಾದದ್ದು ನೋಡಿ ಇನ್ನಷ್ಟು ಹುಮ್ಮಸ್ಸು ಬಂತು. "ಅವಳ ಗಂಟು ಎಲ್ಲಿದೆ ಗೊತ್ತೇನೋ? ನನ್ನ ಬಾಯಲ್ಲಿದೆ! ಸೇಬು ತಿಂದ್ಕೊಂಡು ಕಾಯ್ತಾ ಇದ್ದೀನಿ," ಎಂದುಬಿಟ್ಟರು.

ಭಾವನೂ ನಕ್ಕರು. ಆದರೆ ಸ್ವಲ್ಪ ತಡವಾಗಿ ನಕ್ಕರು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ನಾನು ಲ್ಯಾಬಿನಿಂದ ಮನೆಗೆ ಬಂದಾಗ ಅತ್ತೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಊಟವಾದ ಮೇಲೆ ಹಲ್ಲು ತೆಗೆದು, ನೀರಿನ ಬಟ್ಟಲಲ್ಲಿಟ್ಟು ಒಂದು ಗಳಿಗೆ ಮಲಗುವುದು ಅವರ ರೂಢಿ. ಬಟ್ಟಲಲ್ಲಿ ನೀರಿತ್ತು, ಹಲ್ಲಿರಲಿಲ್ಲ. ಲ್ಯಾಬಿನ ಪ್ಲಾಸ್ಟರ್ ಧೂಳಿಗೆ ಹಾಳಾಗುತ್ತದೆಂದು ನಾನು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಚಾರ್ಜರಿನ ವೈರು ಮೇಜಿನ ಮೇಲೆ ಬರಿದಾಗಿ ಬಿದ್ದಿತ್ತು.

"ಅತ್ತೆ, ಹಲ್ಲೆಲ್ಲಿ?"

"ಬೆಕ್ಕು ತಗೊಂಡು ಹೋಯ್ತೋ ಏನೋ," ಎಂದರು ಬಾಯಿಗೆ ಕೈ ಅಡ್ಡ ಹಿಡಿದು.

"ಫೋನು? ಅದೂ ಬೆಕ್ಕೇ? ಯಾರಿಗೆ ಕರೆ ಮಾಡಬೇಕಿತ್ತಂತೆ?"

ಹತ್ತಿರ ಹೋಗಿ ಬಗ್ಗಿ ನೋಡಿದೆ. ಹಲ್ಲಿಲ್ಲದ ಬಾಯಿಯ ಆ ಮುಖ ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷ ಮುದಿಯಾಗಿತ್ತು. ಯಾರೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೆತ್ತ ತಾಯಿಯ ಬಾಯಿಯಿಂದ ಮಗನ ಹೆಸರು ಹೊರಡಿಸುವಷ್ಟು ಕಟುಕಳಲ್ಲ ನಾನು. ಆದರೆ ಇನ್ನು ಮುಂದೆ ಆ ಮನುಷ್ಯನಿಗೆ ಬಹುವಚನ ಕೊಡುವುದು ನನ್ನಿಂದಾಗದು. ಭಾವ ಕದ್ದ, ಅಷ್ಟೇ.

ಪೊಲೀಸರ ಹತ್ತಿರ ಹೋಗಿ ಏನೆನ್ನಲಿ? ಅತ್ತೆಯ ಹಲ್ಲು ಕಳುವಾಗಿದೆ ಸ್ವಾಮಿ, ಅದರೊಳಗೆ ನನ್ನ ಹಣವಿದೆ ಎನ್ನಲೇ? ಫೋನಿಗೆ ಬೀಗವಿತ್ತು, ಅದು ಅವನಿಗೆ ತೆರೆಯದು. ಹಲ್ಲಿನಲ್ಲಿದ್ದ ಪದಗಳನ್ನು ಓದುತ್ತಾನೆ. ಆದರೆ ಯಾವ ಸಾಲಿನಲ್ಲಿ? ಲೋಕದ ಜನ ಪುಸ್ತಕ ಓದಿದ ಹಾಗೆ ಈ ತುದಿಯಿಂದ ಆ ತುದಿಗೆ ಓದುತ್ತಾರೆ. ನಮ್ಮ ಕಸುಬಿನಲ್ಲಿ ಹಲ್ಲು ಎಣಿಸುವುದು ಹಾಗಲ್ಲ. ಮುಂದಿನ ಎರಡು ಹಲ್ಲಿನ ನಡುವಿನ ಗೆರೆಯೇ ಆರಂಭ. ಅಲ್ಲಿಂದ ಬಲಕ್ಕೆ ಹಿಂದಿನವರೆಗೆ ಹೋಗಬೇಕು, ಮತ್ತೆ ನಡುವಿಗೆ ಬಂದು ಎಡಕ್ಕೆ ಹಿಂದಿನವರೆಗೆ. ಅದೂ ಬಾಯಿಯ ಒಡೆಯರ ಬಲ, ನೋಡುವವರ ಬಲವಲ್ಲ. ನಾನು ಕೊರೆದದ್ದೂ ಹಾಗೇ, ಬೇಕೆಂದಲ್ಲ, ಕೈ ಹೋದದ್ದೇ ಹಾಗೆ. ಹಾಗಾಗಿ ಸ್ವಲ್ಪ ಹೊತ್ತು ಸಿಕ್ಕಿತು. ಆದರೆ ಯಾವುದಾದರೂ ದಂತವೈದ್ಯನ ಬಾಗಿಲು ತಟ್ಟುವವರೆಗೆ ಮಾತ್ರ. ಅಷ್ಟರೊಳಗೆ ನಾನು ದುಡ್ಡನ್ನು ಬೇರೆಡೆಗೆ ಸಾಗಿಸಬೇಕಿತ್ತು. ನನ್ನ ಹತ್ತಿರ ಫೋನೂ ಇಲ್ಲ, ಪದವೂ ಇಲ್ಲ.

ಬಾಗಿಲ ಹತ್ತಿರ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದಾಗ ನೆನಪಾಯಿತು. ಅಚ್ಚು!

ಹಲ್ಲು ಕೊಟ್ಟು ಕಳಿಸುವ ಮೊದಲು ಸಿದ್ಧವಾದ ಸೆಟ್ಟಿನ ಮೇಲೆ ರಬ್ಬರು ಹುಯ್ದು ಅಚ್ಚು ತೆಗೆದಿಡುವುದು ನಮ್ಮ ಯಜಮಾನರ ಪಾಠ. ನಾಳೆ ಯಾರೋ ಬೀಳಿಸಿ ಒಡೆದುಕೊಂಡು ಬಂದರೆ ಮತ್ತೆ ಮಾಡಿಕೊಡಬಹುದಲ್ಲ. ಅತ್ತೆಯ ಸೆಟ್ಟಿನದೂ ತೆಗೆದಿದ್ದೆ, ಪದ ಕೊರೆದ ಮೇಲೆಯೇ! ಜಗತ್ತಿಗೆಲ್ಲ ಬಚ್ಚಿಟ್ಟ ಗುಟ್ಟಿನ ನಕಲನ್ನು, 'ಅತ್ತೆ, ಮೇಲಿನದು' ಎಂದು ಚೀಟಿ ಅಂಟಿಸಿ, ಬಂದುಹೋಗುವವರ ಕಣ್ಣೆದುರಿನ ಕಪಾಟಿನಲ್ಲಿ ಒಂದು ವರ್ಷ ಇಟ್ಟ ಬುದ್ಧಿವಂತೆ ನಾನು. ಇಂಥ ಪೆದ್ದುತನ ಹಲ್ಲು ಮಾಡುವವರಿಗೆ ಬಿಟ್ಟು ಬೇರೆ ಯಾರಿಗೂ ಬರದು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನನ್ನ ಕಥೆ.

ಓಡಿದೆ. ದಾರಿಯಲ್ಲಿ ಒಂದು ಅಗ್ಗದ ಫೋನು ಕೊಂಡೆ. ಅಚ್ಚಿಗೆ ಪ್ಲಾಸ್ಟರ್ ಹುಯ್ದು ನಲವತ್ತು ನಿಮಿಷ ಕಾದೆ. ಬಿಡಿಸಿ ಭೂತಗನ್ನಡಿ ಹಿಡಿದರೆ ಒಂಬತ್ತನೇ ಹಲ್ಲಿನ ಹಿಂದೆ ಗಾಳಿಗುಳ್ಳೆ ಕೂತು ಎರಡು ಅಕ್ಷರ ನುಂಗಿತ್ತು. ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ: ತಟ್ಟದೆ ಹುಯ್ಯಬೇಡ. ಗಾಬರಿಯಲ್ಲಿ ನಾನೇ ತಟ್ಟಿರಲಿಲ್ಲ.

ಯಜಮಾನರು ಒಂದೂ ಪ್ರಶ್ನೆ ಕೇಳದೆ ಇನ್ನೊಂದು ಬಟ್ಟಲು ಪ್ಲಾಸ್ಟರ್ ಕಲಸಿ ಮುಂದಿಟ್ಟರು. "ಅವಸರ ಮಾಡಬೇಡ. ಅವಸರ ಬಿದ್ದಿರೋದು ಕಳ್ಳನಿಗೆ," ಎಂದರು. ಹೇಗೆ ತಿಳಿದುಕೊಂಡರೋ ಏನೋ. ಈ ಸಲ ಅಚ್ಚನ್ನು ಬೆಂಚಿಗೆ ತಟ್ಟಿ ತಟ್ಟಿ, ತೊಟ್ಟು ತೊಟ್ಟಾಗಿ ಹುಯ್ದೆ. ಮತ್ತೆ ನಲವತ್ತು ನಿಮಿಷ. ಅಷ್ಟೂ ಹೊತ್ತು ನನ್ನ ಕೈ ಸ್ವಲ್ಪವೂ ನಡುಗಲಿಲ್ಲ. ಸಿಟ್ಟು ಕೆಲವೊಮ್ಮೆ ಕೈಯನ್ನು ಗಟ್ಟಿ ಹಿಡಿಯುತ್ತದೆ.

ಹನ್ನೆರಡೂ ಪದ ಸ್ಪಷ್ಟವಾಗಿ ಮೂಡಿದ್ದವು. ನಡುಗೆರೆಯಿಂದ ಬಲಕ್ಕೆ ಆರು, ಎಡಕ್ಕೆ ಆರು. ವ್ಯಾಲೆಟ್ ತೆರೆಯಿತು. ದುಡ್ಡು ಪೂರ್ತಿ ಇತ್ತು. ಅಲ್ಲೇ ಹೊಸ ವ್ಯಾಲೆಟ್ ಮಾಡಿ, ಹೊಸ ಹನ್ನೆರಡು ಪದ ಪಡೆದು, ಕೊನೆಯ ಕಾಸಿನವರೆಗೂ ಅದಕ್ಕೆ ಕಳಿಸಿದೆ. ಆಮೇಲೆ ಆ ಪ್ಲಾಸ್ಟರ್ ಹಲ್ಲುಗಳನ್ನು ಪುಡಿಪುಡಿ ಮಾಡಿ, ರಬ್ಬರಿನ ಅಚ್ಚನ್ನು ಚೂರುಚೂರಾಗಿ ಕತ್ತರಿಸಿದೆ.

ಮನೆಗೆ ಬಂದರೆ ಭಾವ ಕುರ್ಚಿಯಲ್ಲಿ ಹಾಜರು. ಮುಖ ಕೆಂಪಾಗಿತ್ತು. ಅತ್ತೆ ಮಂಚದಲ್ಲಿ ಹಾಗೆಯೇ ಕೂತಿದ್ದರು.

"ಏನಮ್ಮ, ಏನೇನೋ ಪದ ಕೆತ್ತಿದ್ದೀಯ! ಎಷ್ಟು ಸಲ ಹಾಕಿದ್ರೂ ತಪ್ಪು ಅಂತಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇನ್ನೂ ಕಳ್ಳ ಎಂದೇ ಇರಲಿಲ್ಲ.

"ಎಲ್ಲಿ ಓದಿದಿರಿ ಭಾವ?" ಎಂದೆ. ಎದುರಿಗೆ ಬಂದಾಗ ನಾಲಗೆ ಹಳೇ ಅಭ್ಯಾಸದಿಂದ ಬಹುವಚನವನ್ನೇ ಹಿಡಿಯುತ್ತದೆ, ಏನು ಮಾಡಲಿ.

"ಎಲ್ಲಾದ್ರೂ ಇರಲಿ. ಮನೆ ದುಡ್ಡು ಮನೆ ಹಿರಿಯನ ಕೈಲಿರಬೇಕು. ಸರಿಯಾದ ಸಾಲು ಹೇಳು. ಇಲ್ಲ ಅಂದ್ರೆ ಆ ಹಲ್ಲು ಚರಂಡೀಲಿ, ನಿನ್ನ ದುಡ್ಡೂ ಚರಂಡೀಲಿ. ಶುಕ್ರವಾರ ಅದು ಹೇಗೆ ಒಲೆ ತಗೊಳ್ತೀಯೋ ನೋಡ್ತೀನಿ."

"ಅಷ್ಟೇ ತಾನೆ? ಹೇಳ್ತೀನಿ, ನಿಮ್ಮ ಫೋನು ತೆಗೀರಿ."

ಅವನಿಗೆ ನಂಬಿಕೆಯಾಗಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಅತ್ತೆಯ ಹಲ್ಲು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಹಲ್ಲನ್ನು ತೋರಿಸಿದೆ. ಇದು ಒಂದನೆಯದು, ಇದರ ಪಕ್ಕ ಎರಡನೆಯದು, ಅಯ್ಯೋ ಆ ಕಡೆ ಅಲ್ಲ, ಈ ಕಡೆ. ಕನ್ನಡಕ ಏರಿಸಿಕೊಂಡು, ಬೆವರು ಒರೆಸಿಕೊಂಡು ಹನ್ನೆರಡೂ ಒತ್ತಿದ. ವ್ಯಾಲೆಟ್ ತೆರೆಯಿತು. ಅವನ ಮುಖ ಅರಳಿತು. ಆಮೇಲೆ ಒಂದು ದೊಡ್ಡ ಸೊನ್ನೆ ಬಂತು.

ಫೋನನ್ನು ಅಲ್ಲಾಡಿಸಿದ. ಸೊನ್ನೆ ಉದುರಲಿಲ್ಲ.

"ಎಲ್ಲಿ ಹೋಯ್ತು? ಏ, ದುಡ್ಡೆಲ್ಲಿ ಹೋಯ್ತು?"

"ಜೋಪಾನವಾಗಿದೆ ಭಾವ," ಎಂದೆ. "ನಾಲ್ಕು ವರ್ಷದಿಂದ ನಿಮ್ಮ ಹತ್ತಿರ ಜೋಪಾನವಾಗಿದೆಯಲ್ಲ, ಅದರ ಥರ ಅಲ್ಲ. ನಿಜವಾಗ್ಲೂ. ಇನ್ನು ನನ್ನ ಫೋನು ಕೊಟ್ಟು ಹೊರಡಿ."

ಅವನು ಕೂಗಾಡಿದ. ಮೋಸಗಾತಿ ಎಂದ, ತಮ್ಮನನ್ನು ನುಂಗಿದವಳು ಎಂದ. ಆ ಮಾತಿಗೆ ನಾನು ಎಷ್ಟೋ ರಾತ್ರಿ ಅತ್ತಿದ್ದೇನೆ. ಆವತ್ತು ಅದು ನನಗೆ ತಾಕಲೇ ಇಲ್ಲ. ಕೊನೆಗೆ ನನ್ನ ಫೋನನ್ನು ಮೇಜಿನ ಮೇಲೆ ಎಸೆದು, ಅಮ್ಮನ ಕಡೆ ತಿರುಗಿದ.

"ನೋಡಮ್ಮ, ನಿನ್ನ ಮಗನನ್ನೇ ಕಳ್ಳ ಮಾಡ್ತಿದ್ದಾಳೆ. ನೀನಾದ್ರೂ ಹೇಳು. ತಗೋ, ನಿನ್ನ ಹಲ್ಲು," ಎಂದು ಕರವಸ್ತ್ರ ಮುಂದೆ ಹಿಡಿದ.

ಅತ್ತೆ ಕೈ ಚಾಚಲಿಲ್ಲ. ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ಕೆಳಗಿಳಿಸಿದರು. ಬೊಚ್ಚುಬಾಯಿಯನ್ನು ನನ್ನೊಬ್ಬಳನ್ನು ಬಿಟ್ಟು ಯಾರಿಗೂ ತೋರಿಸಿದವರಲ್ಲ ಅವರು.

"ನಾನು ಎದ್ದೇ ಇದ್ದೆ ಕಣೋ," ಎಂದರು. ಹಲ್ಲಿಲ್ಲದೆ ಮಾತು ತೊದಲುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ನಿನ್ನ ಕೈ ಬಟ್ಟಲಿಗೆ ಹೋದಾಗ ಕಣ್ಣು ಮುಚ್ಕೊಂಡೆ. ಬಳೆ ಒಯ್ದಾಗಲೂ ಮುಚ್ಕೊಂಡಿದ್ದೆ. ನಿನ್ನ ತಮ್ಮನ ದುಡ್ಡು ಒಯ್ದಾಗಲೂ. ಅದು ನನ್ನ ತಪ್ಪು. ಇವತ್ತು ನೋಡ್ತಾ ಇದ್ದೀನಿ."

"ಅಮ್ಮಾ, ಹಲ್ಲು..."

"ಅದನ್ನೂ ನೀನೇ ಜೋಪಾನವಾಗಿ ಇಟ್ಕೋ."

ಭಾವ ಹೋದ ಮೇಲೆ ನಾನು ಸೇಬನ್ನು ಬೇಯಿಸಿ, ಕಿವುಚಿ, ಬಟ್ಟಲಲ್ಲಿ ಹಾಕಿ ಕೊಟ್ಟೆ.

ಶುಕ್ರವಾರ ಯಜಮಾನರ ಫೋನಿಗೆ ದುಡ್ಡು ಹೋಯಿತು, ಬೀಗದಕೈ ನನ್ನ ಕೈಗೆ ಬಂತು. ನನ್ನ ಲ್ಯಾಬಿನಲ್ಲಿ ನಾನು ಮಾಡಿದ ಮೊದಲ ಕೆಲಸ ಅತ್ತೆಯ ಹೊಸ ಸೆಟ್ಟು. ಹಾಕಿಕೊಂಡು, ಕನ್ನಡಿಯೆದುರು ಹಲ್ಲು ಕಡಿದು ನೋಡಿಕೊಂಡು, "ಈ ಸಲ ಇದರಲ್ಲಿ ಏನು ಬರೆದಿದ್ದೀಯ?" ಎಂದು ಕೇಳಿದರು.

"ಏನೂ ಇಲ್ಲ ಅತ್ತೆ. ಬರೀ ಹಲ್ಲು."

"ಹಾಗಿದ್ರೆ ಪದಗಳು ಎಲ್ಲಿವೆ?"

"ಅದನ್ನ ನಿಮಗೂ ಹೇಳಲ್ಲ."

ಅತ್ತೆ ಬುಟ್ಟಿಯಿಂದ ಒಂದು ಸೇಬು ತೆಗೆದು, ಹೆಚ್ಚಲಿಕ್ಕೆ ನಾನು ಚಾಕು ತರುವುದರೊಳಗೆ ಕಚಕ್ಕೆಂದು ಕಚ್ಚಿದರು.

"ಒಳ್ಳೇದು," ಎಂದರು. "ಯಾರಿಗೂ ಹೇಳಬೇಡ."