ಕಡಲಾಚೆಗೆ ಹೋದ ದನಿ

ಮುಂಬೈ ಧಾರಾವಿಯ ಪ್ಲಾಸ್ಟಿಕ್ ಗೋದಾಮಿನಿಂದ ಮರಳಿದ ಕಾಶಪ್ಪ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ತಟ್ಟೆಗೆ ರೊಟ್ಟಿ ಹಾಕಿಕೊಂಡು ಕೂತ. ತುತ್ತು ಮುರಿಯಲಿಲ್ಲ. ದಿನಾ ಊಟದ ಹೊತ್ತಿಗೆ ಬರುವ ಕರೆಗಾಗಿ ಕಾಯುತ್ತಿದ್ದ. ಫೋನು ರಿಂಗಾಯಿತು.

"ಊಟ ಆತೇನೋ ಯಪ್ಪಾ?"

ಹೋದ ಶ್ರಾವಣದಲ್ಲಿ ತೀರಿಕೊಂಡ ಹೆಂಡತಿ ಬಸಲಿಂಗವ್ವನ ದನಿ ಅದು. ಅದರ ಬೆನ್ನಿಗೇ, ಫೋನಿನಲ್ಲಿ ಒಂದಾಟ ಇಸ್ಪೀಟು ಆಡು, ಅದೃಷ್ಟ ಕಾದಿದೆ ಎಂದು ಅದೇ ದನಿ ಪುಸಲಾಯಿಸುತ್ತಿತ್ತು. ಅಷ್ಟರಲ್ಲಿ ಕಾಶಪ್ಪ ಫೋನು ಇಟ್ಟುಬಿಡುತ್ತಿದ್ದ. ಮೊದಲ ಮಾತು ಕೇಳಿದರೆ ಸಾಕು, ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು.

ಬದುಕಿದ್ದಾಗ ಬಸಲಿಂಗವ್ವ ಚೆಂಬೂರಿನ ಒಂದು ಕಚೇರಿಗೆ ಹೋಗಿ ದನಿ ಕೊಟ್ಟು ಬರುತ್ತಿದ್ದಳು. ಯಂತ್ರಕ್ಕೆ ವಿಜಯಪುರದ ಮಾತು ಕಲಿಸುತ್ತೇವೆ, ಓದು ಬಾರದವರಿಗೆ ಅದು ದಾರಿ ಹೇಳುತ್ತದೆ ಎಂದಿದ್ದರು. ಸೋಮವಾರದ ಭಜನೆಯಲ್ಲಿ ವಚನ ಹೇಳುವ ಬಾಯಿ ಅವಳದು. ಯಂತ್ರದೆದುರು ಕೂತರೂ ಊಟ ಆಯಿತೇ ಎಂದು ಕೇಳದೆ ಮಾತು ಶುರು ಮಾಡಲು ಬರುತ್ತಿರಲಿಲ್ಲ. ಕಚೇರಿಯವರು ನಕ್ಕಿದ್ದರು, ಅಳಿಸಿರಲಿಲ್ಲ. ಒತ್ತು ಎಂದ ಕಡೆ ಒತ್ತಿ ಒಪ್ಪಿಗೆಯನ್ನೂ ಕೊಟ್ಟಿದ್ದಳು. ಆ ದನಿ ಕಡಲಾಚೆ ಯಾರ ಕೈ ಸೇರಿತೋ, ಈಗ ಗಲ್ಲಿಯ ಕನ್ನಡದವರಿಗೆಲ್ಲ ಕರೆ ಮಾಡುತ್ತಿತ್ತು. ಉಳಿದ ಜಾಹೀರಾತುಗಳನ್ನು ಕಟ್ ಮಾಡುವವರೂ ಈ ದನಿಗೆ ತಡೆದು ನಿಲ್ಲುತ್ತಿದ್ದರು.

ಅಂದು ಅವನು ಫೋನು ಇಡುತ್ತಿದ್ದಂತೆ ಪಕ್ಕದ ಮನೆಯ ಶಿವಕುಮಾರಿ ಬಾಗಿಲಲ್ಲಿ ಬಂದು ನಿಂತಳು. ಅವಳ ಗಂಡ ದೇವಾನಂದ ಸೆಂಟ್ರಿಂಗ್ ಕೆಲಸದ ಪಗಾರವನ್ನೆಲ್ಲ ಆ ಆಟಕ್ಕೆ ಹಾಕಿ, ನಾಚಿಕೆಗೆ ಮನೆಗೇ ಬಂದಿರಲಿಲ್ಲ. ದನಿ ಕೊಟ್ಟವಳ ಮನೆಯವರು ಬಂದು ಬರೆದುಕೊಟ್ಟರೆ ಆ ನಂಬರನ್ನಾದರೂ ಬಂದ್ ಮಾಡಿಸಬಹುದು ಎಂದು ಪೊಲೀಸರು ಹೇಳಿದ್ದರಂತೆ. ಇದನ್ನವಳು ಕಾಶಪ್ಪನಿಗೆ ಹಿಂದೆಯೂ ಹೇಳಿದ್ದಳು.

"ಇವತ್ತರ ಬರ್ತೀರೇನು, ಕಾಕಾ?"

"ಫೋಟೋದಾಗ ಆಕಿ ಮಾತಾಡೂದಿಲ್ಲವ್ವಾ. ಇದ್ರಾಗ ಮಾತಾಡ್ತಾಳ. ಅದನ್ನೂ ಬಂದ್ ಮಾಡು ಅಂತೀ?"

ಶಿವಕುಮಾರಿ ಒಳಗೆ ಬಂದು ಅವನ ತಟ್ಟೆಯೆದುರು ಕೂತಳು. "ನನ್ನ ಬಾಣಂತನ ಮಾಡಿದಾಕಿ ಬಸಲಿಂಗವ್ವ. ಆ ದನಿ ಕೇಳಿದ್ರ ನನಗೂ ಕರಳು ಚುರ್ ಅಂತೈತಿ. 'ಅವ್ವ ಆಡು ಅಂದ್ಲು, ಆಡಿದೆ' ಅಂತ ಫೋನಿನಾಗ ಅಂದ್ರು ನಮ್ಮವರು. ಆಕಿ ಇದ್ದಿದ್ರ ಹಂಗ ಅಂತಿದ್ಲೇನು?"

ಕಾಶಪ್ಪ ತಟ್ಟೆ ಸರಿಸಿ ಎದ್ದ.

ಠಾಣೆಯ ಸಾಹೇಬ ಕೆಟ್ಟವನಲ್ಲ. ಕಂಪನಿ ಪರದೇಶದ್ದು, ನಮ್ಮ ಕಾನೂನು ಸಮುದ್ರದ ದಂಡೆಗೆ ನಿಂತುಬಿಡುತ್ತದೆ, ನಾಳೆ ಇನ್ನೊಂದು ನಂಬರಿನಿಂದ ಬಂದರೂ ಬರಬಹುದು ಎಂದು ಹಿಂದಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ. ಗುರುತಿಗೆಂದು ಶಿವಕುಮಾರಿಯ ಫೋನಿನಲ್ಲಿದ್ದ ರೆಕಾರ್ಡಿಂಗ್ ಹಚ್ಚಿದ. ಕಾಶಪ್ಪ ಕಣ್ಣು ಮುಚ್ಚಿ, ಮೊದಲ ಬಾರಿಗೆ ಅದನ್ನು ಕೊನೆಯವರೆಗೂ ಕೇಳಿದ.

"ದನಿ ಆಕೀದು, ಸಾಹೇಬ್ರ," ಎಂದ. "ಮಾತು ಆಕೀದಲ್ಲ."

ಬರೆದುಕೊಟ್ಟು ಗಲ್ಲಿಗೆ ಮರಳಿದಾಗ ಅವನು ಹೊಸ್ತಿಲು ದಾಟಲಿಲ್ಲ. ಹೊರಗಿನ ನೀರಿನ ಡ್ರಮ್ಮಿನ ಪಕ್ಕ ಅಂಗಿ ಸಮೇತ ಕುಕ್ಕರಗಾಲಲ್ಲಿ ಕೂತ. ಊರಲ್ಲಿ ಮಣ್ಣು ಕೊಟ್ಟು ಬಂದವರು ಮನೆಯೊಳಗೆ ಹೋಗುವ ಮುನ್ನ ಹಾಗೆ ಕೂರುತ್ತಾರೆ. ಶಿವಕುಮಾರಿ ಏನೂ ಕೇಳದೆ ತಂಬಿಗೆ ತುಂಬಿ ಅವನ ತಲೆಯ ಮೇಲೆ ನೀರು ಸುರಿದಳು.